ನಾನೂರ ಎಂಬತ್ತು ದಾಟುವ ತನಕ

ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಅವರನ್ನು ಪಂಪಕ್ಕ ಎಂದೇ ಕರೆಯುತ್ತಿದ್ದರು. ಹೃದಯವನ್ನು ನಿಲ್ಲಿಸಿ ರಿಪೇರಿ ಮಾಡುವಷ್ಟು ಹೊತ್ತು ರೋಗಿಯ ರಕ್ತವನ್ನು ಓಡಿಸುವ ಪಂಪ್ ಯಂತ್ರ ಅವರ ಸುಪರ್ದಿಯಲ್ಲಿತ್ತು. ಕೊಳವೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ಮುಗಿಯಿತು. ಅದಕ್ಕೇ ಮೊದಲು ಹೆಪ್ಪು ತಡೆಯುವ ಹೆಪಾರಿನ್ ಮದ್ದು ಕೊಟ್ಟು, ಒಂದೆರಡು ಹನಿ ರಕ್ತ ತೆಗೆದು, ಅದು ಹೆಪ್ಪಾಗಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ನೋಡುತ್ತಾರೆ. ನಾನೂರ ಎಂಬತ್ತು ದಾಟದೆ ಪಂಪಕ್ಕ ಯಂತ್ರ ಶುರುಮಾಡಿದ್ದೇ ಇಲ್ಲ.

ಅಂದಿನ ರೋಗಿ ಒಬ್ಬ ದರ್ಜಿ. ಹಿಂದಿನ ದಿನ ಪಂಪಕ್ಕ ವಾರ್ಡಿಗೆ ಹೋದಾಗ ಅವರು, "ಮೇಡಂ, ನಿಮ್ಮ ಕೋಟಿನ ಬಲತೋಳು ಅರ್ಧ ಇಂಚು ಉದ್ದ. ಯಾರು ಹೊಲಿದಿದ್ದು?" ಎಂದು ಕೇಳಿದ್ದರು.

"ಮೊದ್ಲು ನಿಮ್ಮ ಎದೆ ಹೊಲಿಸ್ಕೊಳ್ಳಿ, ಆಮೇಲೆ ಊರೋರ ತೋಳು ನೋಡೋರಂತೆ," ಎಂದು ಹೆಂಡತಿ ಗದರಿದ್ದರು. ಗದರುತ್ತಲೇ ಗಂಡನ ಹೊದಿಕೆ ಸರಿಮಾಡಿದ್ದರು.

ಈಗ ಅದೇ ಎದೆ ತೆರೆದಿತ್ತು. ಮೊದಲ ಡೋಸಿಗೆ ಮುನ್ನೂರ ಹನ್ನೆರಡು ಬಂತು. ಇನ್ನೊಂದು ಡೋಸಿಗೆ ಮುನ್ನೂರ ಅರವತ್ತೈದು.

"ಹೊರಡೋಣ್ವಾ ಪಂಪಕ್ಕ? ಹತ್ತಿರ ಬಂತಲ್ಲ," ಎಂದರು ಸರ್ಜನ್.

"ಹತ್ತಿರ ಬಂದ್ರೆ ಸಾಲ್ದು ಸರ್, ದಾಟ್ಬೇಕು."

ಸರ್ಜನ್ ಹುಬ್ಬು ಗಂಟಿಕ್ಕಿದರು. ಪಂಪಕ್ಕ ಕೇಸ್ ಶೀಟು ತಿರುವಿಹಾಕಿದರು. ಹತ್ತು ದಿನದಿಂದ ವಾರ್ಡಿನಲ್ಲೂ ಡ್ರಿಪ್ಪಿನಲ್ಲಿ ಹೆಪಾರಿನ್ ಹೋಗುತ್ತಿತ್ತು!

"ಸರ್, ಈ ಔಷಧಿ ಜೊತೆ ಕೆಲಸ ಮಾಡೋ ಪ್ರೋಟೀನು ಮೈಯಲ್ಲಿ ಕಮ್ಮಿಯಾಗಿರ್ಬೇಕು. ಇನ್ನೆಷ್ಟು ಸುರಿದ್ರೂ ಅಷ್ಟೇ. ದಾನಿಗಳ ಪ್ಲಾಸ್ಮಾದಲ್ಲಿ ಅದಿರತ್ತೆ, ಕೊಟ್ಟು ನೋಡೋಣ."

ಅರಿವಳಿಕೆ ಡಾಕ್ಟರು ತಲೆಯಾಡಿಸಿದರು. ಪ್ಲಾಸ್ಮಾ ಬಂತು, ಹನಿಹನಿಯಾಗಿ ಇಳಿಯಿತು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿದಾಗ ಐನೂರ ಹತ್ತು.

"ಈಗ ಹೊರಡೋಣ ಸರ್."

ಅಲ್ಲಿಂದ ಎರಡೂವರೆ ಗಂಟೆ ದರ್ಜಿಯ ಉಸಿರೂ ಬಡಿತವೂ ಪಂಪಕ್ಕನ ಕೈಯಲ್ಲಿದ್ದವು. ಅರ್ಧ ಗಂಟೆಗೊಮ್ಮೆ ರಕ್ತ ನೋಡುತ್ತಲೇ ಇದ್ದರು. ಕೊನೆಗೆ ಹೃದಯ ಒಂದೆರಡು ಸಲ ತಡವರಿಸಿ ತಾನಾಗಿಯೇ ಬಡಿಯತೊಡಗಿತು. ಹೆಪಾರಿನ್ನಿನ ಪರಿಣಾಮ ಇಳಿಸುವ ಮದ್ದು ಕೊಟ್ಟ ಮೇಲೆ ಅಂಕಿಯೂ ಮಾಮೂಲಿನ ನೂರಿಪ್ಪತ್ತನಾಲ್ಕಕ್ಕೆ ಬಂತು. ಸರ್ಜನ್ ಕೈಗವಸು ಕಳಚುತ್ತಾ, "ಒಳ್ಳೇದಾಯ್ತು ತಡೆದಿದ್ದು," ಎಂದಷ್ಟೇ ಹೇಳಿ ಸುದ್ದಿ ತಿಳಿಸಲು ಹೊರಗೆ ಹೋದರು.

ಪಂಪಕ್ಕ ಯಂತ್ರ ತೊಳೆದು ಹೊರಬಂದಾಗ ಕಾರಿಡಾರಿನ ಬೆಂಚಿನಲ್ಲಿ ದರ್ಜಿಯ ಹೆಂಡತಿ ಒಬ್ಬರೇ ಕೂತಿದ್ದರು. ಅತ್ತು ಮುಗಿಸಿದ ಮುಖ.

"ಡಾಕ್ಟ್ರು ಹೇಳಿದ್ರು, ಎಲ್ಲ ಸರಿಹೋಯ್ತಂತೆ. ನೀವೇನು ಮಾಡ್ತಿದ್ರಮ್ಮ ಒಳಗೆ?"

ಪಂಪಕ್ಕ, "ಕಾಯ್ತಾ ಇದ್ದೆ," ಎಂದರು.

ಆಕೆ ಸರಿದು ಜಾಗ ಮಾಡಿದರು. "ಬನ್ನಿ, ಕೂತ್ಕೊಳ್ಳಿ. ಕಾಲು ಬಿದ್ದುಹೋಗಿರತ್ತೆ."