ಹೊಸ ಕ್ಯಾರವಾನಿನಲ್ಲಿ ಹತ್ತಿದ ನಿದ್ದೆ

"ಹಂಗಾರ ಬ್ಯಾಡ ಬಿಡ್ರಿ" ಎಂದು ಘನಗಂಭೀರವಾಗಿ ಎದ್ದು ಮಲಗಿಕೊಂಡೇ ಪಯಣಿಸಬಹುದಾದ ಕ್ಯಾರವಾನ್ ಗಾಡಿಗಳ ಅಂಗಡಿಯ ಗೇಟಿನತ್ತ ನಡೆದೆ. ಹಳಿಯಾಳದ ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ನಮ್ಮಪ್ಪ ಬಳಸುತ್ತಿದ್ದ ಅಸ್ತ್ರವದು. ಮಾರುವವರು ಹಿಂದಿನಿಂದ ಕೂಗಿ ಕರೆಯಲೇಬೇಕು, ದರ ಇಳಿಯಲೇಬೇಕು. ಯಾರೂ ಕರೆಯಲಿಲ್ಲ. ಜೊತೆಗೆ ಎದ್ದು ಬರಬೇಕಾದ ಹೆಂಡತಿಯೂ ಬರಲಿಲ್ಲ.

ಮರಳಿ ಹೋಗಿ ನೋಡಿದರೆ, ನಾವು ದರ ಕೇಳುತ್ತಿದ್ದ ಗಾಡಿಯೊಳಗಿನ ಹಾಸಿಗೆಯ ಮೇಲೆ ಗಾಢ ನಿದ್ದೆಯಲ್ಲಿದ್ದಾಳೆ. ಬೆನ್ನಿನ ಆಪರೇಷನ್ ಆದಮೇಲೆ ಅವಳಿಗೆ ಸರಿಯಾದ ನಿದ್ದೆಯಿರಲಿಲ್ಲ. ಬಸ್ಸಿನಲ್ಲಿ ಕೂರಲಾರದೆ ಅಣಶಿಯಲ್ಲಿರುವ ಅವಳ ತಂಗಿಯ ಮನೆಯೂ ದೂರವಾಗಿತ್ತು. ಗಾಡಿ ಬೇಕಾಗಿದ್ದೇ ಅದಕ್ಕೆ. ಗಾಡಿ ಬೇಕೇಬೇಕೆಂಬ ನಮ್ಮ ಗುಟ್ಟು ರಟ್ಟಾಯಿತು, ಇನ್ನು ಇವರು ಹೇಳಿದ್ದೇ ದರ ಎಂದುಕೊಂಡು ಅವಳನ್ನು ಎಬ್ಬಿಸಹೋದೆ.

ಮಾಲೀಕರು ನನ್ನ ಕೈ ಹಿಡಿದರು. "ಎಬ್ಬಸಬ್ಯಾಡ್ರಿ ಸರ, ಮಲಗ್ಲಿ. ನೀವು ಕೇಳಿದ ರೇಟಿಗೇ ಕೊಡ್ತೇನಿ."

"ಈಗ ನಿಮ್ಮ ಕೈ ಮ್ಯಾಲೈತಲ್ರಿ, ಮತ್ಯಾಕ?"

"ಅಕ್ಕಾರು ಆಗಲೇ ಮನಿ ಮಾಡ್ಯಾರ. ಹೊರಗ ಹಾಕಾಕ ನನಗ ಮನಸ್ ಬರೂದಿಲ್ರಿ."

ಅವಳು ಏಳುವವರೆಗೆ ನಾವಿಬ್ಬರೂ ಹೊರಗೆ ಚಹಾ ಕುಡಿಯುತ್ತ, ಪಿಸುಮಾತಿನಲ್ಲೇ ವ್ಯವಹಾರ ಮುಗಿಸಿದೆವು.

ಈಗ ದಾಂಡೇಲಿಯಿಂದ ಅಣಶಿಗೆ ಹೊರಟರೆ ಜೊಯಿಡಾ ದಾಟುವುದರೊಳಗೆ ಹಿಂದಿನಿಂದ ಗೊರಕೆ ಕೇಳಿಸುತ್ತದೆ. ಆ ಮಾಲೀಕರಿಗೆ ಮನಸ್ಸಿನಲ್ಲೇ ಕೈಮುಗಿದು, ಗಾಡಿಯನ್ನು ಇನ್ನಷ್ಟು ನಿಧಾನ ಮಾಡುತ್ತೇನೆ.