ಒಳಮೈ ಸವೆದ ಗಾಲಿ

ಆಗೆಲ್ಲ ನಮ್ಮ ಅಗಡಿಯ ಮನೆಯಲ್ಲಿ ಅಮಾವಾಸ್ಯೆಯ ಬೆಳಗಿಗೆ ಊದಿನಕಡ್ಡಿ, ನಿಂಬೆಹಣ್ಣು, ತೊಯ್ದ ರಬ್ಬರಿನ ವಾಸನೆ ಇರುತ್ತಿತ್ತು. ಅಪ್ಪನದು ಮಕ್ಕಳನ್ನು ಹಾವೇರಿಯ ಶಾಲೆಗೆ ಬಿಡುವ ವ್ಯಾನು. ಅದರ ಗಾಲಿ ತೊಳೆದು ವಿಭೂತಿ ಹಚ್ಚುವ ಕೆಲಸ ಹತ್ತು ವರ್ಷದ ನನ್ನದು.

ಆ ಚಳಿಗಾಲ ವ್ಯಾನು ಎಡಕ್ಕೆ ಎಳೆಯುತ್ತಿತ್ತು. ಅಪ್ಪ ಎರಡು ಸಲ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿದ್ದ. ನಾಲ್ಕು ದಿನ ನೆಟ್ಟಗೆ, ಮತ್ತೆ ಅದೇ ಹಾಡು. ಅವ್ವ ಬ್ಯಾಡಗಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದು. ನಾವೋ ಕಣ್ಣೀರು ಬರುವಷ್ಟು ಕೆಮ್ಮಿದೆವು.

ಎಲ್ಲರೂ ಗಾಲಿಯ ಹೊರಮೈಗಷ್ಟೇ ಪೂಜೆ ಮಾಡುತ್ತಾರೆ. ಆ ಅಮಾವಾಸ್ಯೆಯ ಬೆಳಿಗ್ಗೆ ವಿಭೂತಿಗಟ್ಟಿ ಜಾರಿ ಮುಂದಿನ ಎಡಗಾಲಿಯ ಹಿಂದೆ ಬಿತ್ತು. ಕೈ ಹಾಕಿದೆ, ಏನೋ ಚುಚ್ಚಿತು.

“ಅಪ್ಪಾ, ಇಲ್ಲಿ ತಂತಿ ಐತಿ!”

“ಇಂಥಾ ಚಲೋ ಟೈರಿನಾಗ ಎಲ್ಲೀ ತಂತಿ, ಹುಚ್ಚಿ? ಲಗೂ ಆರತಿ ತಾ, ಹುಡುಗ್ರು ಕಾಯಾಕತ್ತಾರ.”

ರಕ್ತದ ಬೆರಳು ತೋರಿಸಿದೆ. ಅಪ್ಪ ನೆಲಕ್ಕೆ ಮಲಗಿ ನೋಡಿದ. ಹೊರಗೆ ಹೊಸದರಂತಿದ್ದ ಟೈರು ಒಳಗೆ ಬೋಳಾಗಿ ತಂತಿ ಬಿಟ್ಟಿತ್ತು. ಎದ್ದು, ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಬಂದ.

ಹಾವೇರಿಯಿಂದ ಬಂದ ಮೇಸ್ತ್ರಿ ಗಾಡಿಗೆ ಜಾಕ್ ಕೊಟ್ಟು ಗಾಲಿ ಅಲುಗಾಡಿಸಿದ. ಲಟಲಟ ಎಂದಿತು.

“ಅಣ್ಣಾರ, ಗಾಲಿ ಹಿಡಿಯೋ ಕಬ್ಬಿಣದ ತೋಳಿನ ರಬ್ಬರ್ ಬುಷ್ ಪೂರಾ ಹೋಗೇತಿ. ಅದು ಸಡ್ಲ ಇದ್ರ ಅಲೈನ್‌ಮೆಂಟ್ ಎಷ್ಟ ಸಲ ಮಾಡ್ಸಿದ್ರೂ ಒಂದ ತಗ್ಗಿಗೆ ಗಾಲಿ ಮತ್ತ ಸೊಟ್ಟ. ಅದ ಒಳಗಿಂದ ಟೈರ್ ತಿಂದೈತಿ.”

“ಇವತ್ತ ಗಾಡಿ ಹೊಡದಿದ್ರ?”

“ಹಾದ್ಯಾಗ ಒಡೀತಿತ್ತು. ಮಗಳ ಬೆರಳಿಗೆ ಕೈ ಮುಗೀರಿ.”

ಅವ್ವ ಬಿಟ್ಟಾಳೆಯೇ? “ನಾ ಹೇಳಿರ್ಲಿಲ್ಲೇನ್ರಿ? ಎಲ್ಲಾರೂ ಕೆಮ್ಮಿದಾಗ್ಲೇ ದೃಷ್ಟಿ ಅಲ್ಲ ಅಂತ ಖಾತ್ರಿ ಆಗಿತ್ತು!” ಬೆರಳಿಗೆ ಅರಿಸಿನ ಒತ್ತಿ, ಬಾಯಿಗೆ ಹೋಳಿಗೆ ತುರುಕಿದಳು. ವ್ಯಾನಿನ ಹದಿನಾಲ್ಕು ಮಕ್ಕಳ ಬದಲು ದೇವರು ಒಂದು ಹನಿ ರಕ್ತ ತೆಗೆದುಕೊಂಡ. ನಾನು ಇಂದಿಗೂ ಹಾಗೆಯೇ ನಂಬಿದ್ದೇನೆ.

ಈಗ ರಾಣೆಬೆನ್ನೂರಿನ ನಮ್ಮ ಕಾರನ್ನು ಪೈಪಿನ ನೀರು ತೊಳೆಯುತ್ತದೆ, ಅಲೈನ್‌ಮೆಂಟನ್ನು ಕಂಪ್ಯೂಟರ್ ನೋಡುತ್ತದೆ. ಗಾಲಿಯನ್ನು ಯಾರೂ ಕೈಯಿಂದ ಮುಟ್ಟುವುದಿಲ್ಲ. ನನ್ನ ಮಾತಿಗೆ ನೆಲಕ್ಕೆ ಮಲಗಿ ನೋಡುತ್ತಿದ್ದ ಅಪ್ಪನೂ ಇಲ್ಲ.

ಮೊನ್ನೆ ನಮ್ಮ ಯಜಮಾನರು, “ಅಲೈನ್‌ಮೆಂಟ್ ಮಾಡ್ಸಿದ್ರೂ ಕಾರು ಎಡಕ್ಕ ಎಳೀತೈತಲ್ಲ” ಎಂದರು. ನಾದುತ್ತಿದ್ದ ಹಿಟ್ಟು ಬಿಟ್ಟು ಹೋಗಿ, ಗಾಲಿಯ ಒಳಮೈ ಸವರಿದೆ. ಸವೆದು ನುಣ್ಣಗಾಗಿತ್ತು.

“ಮೊದಲ ಬುಷ್ ನೋಡಸ್ರಿ. ಅಲೈನ್‌ಮೆಂಟ್ ಆಮ್ಯಾಲ.”

ಕೈಯ ಕಪ್ಪು ತೊಳೆದು ಬಂದು, ಚಪಾತಿ ಲಟ್ಟಿಸಲು ಕುಳಿತೆ.