ಎರಡು ಗೆರೆಯ ಡಿಸ್ಕು

ಹಾವು, ಹಲ್ಲಿ, ಗುಡುಗು, ಮನೆಗೆ ಬರುವ ನೆಂಟರು, ಯಾವುದಕ್ಕೂ ಪ್ರೇಮಲೀಲಾ ಹೆದರಿದವಳಲ್ಲ. ಅವಳು ಹೆದರುತ್ತಿದ್ದದ್ದು ಒಂದೇ ಒಂದು ಮಾತಿಗೆ: ಫಾರ್ಮ್ಯಾಟ್. ಎರಡು ಸಾವಿರದ ನಾಲ್ಕನೇ ಇಸವಿಯ ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿಯವರ ಹತ್ತಿರ ಇದ್ದದ್ದು ಅದೊಂದೇ ಔಷಧಿ. ವೈರಸ್ ಬಂದರೂ ಫಾರ್ಮ್ಯಾಟ್, ಮೌಸ್ ಅಲ್ಲಾಡದಿದ್ದರೂ ಫಾರ್ಮ್ಯಾಟ್. ಡಿಸ್ಕಿನಲ್ಲಿರುವುದನ್ನೆಲ್ಲ ಒರೆಸಿ ಗುಡಿಸಿ ಹಾಕುವುದಕ್ಕೆ ಎಷ್ಟು ಹಗುರವಾದ ಹೆಸರು! ಅವರಪ್ಪನ ಮನೆ ಗಂಟೇನು ಹೋಗಬೇಕು, ಹೋಗುವುದು ನಮ್ಮದು.

ಅಗ್ರಹಾರದ ಒಂದು ಇಕ್ಕಟ್ಟು ಬೀದಿಯಲ್ಲಿ ಅವಳ ತಂದೆ ಏಕಾಂತಯ್ಯನವರದು ಪೂಜಾ ಸಾಮಾನಿನ ಅಂಗಡಿ. ಮುಂದೆ ವಿಭೂತಿ ಗಟ್ಟಿ, ಕರ್ಪೂರ, ಊದುಬತ್ತಿ. ಹಿಂದಿನ ಕೋಣೆಯಲ್ಲಿ ಮಗಳ ಡಿ.ಟಿ.ಪಿ. ಊರಿನವರ ಲಗ್ನಪತ್ರಿಕೆಗಳನ್ನೆಲ್ಲ ಚೆಂದಾಗಿ ಹೊಂದಿಸಿಕೊಟ್ಟ ಪ್ರೇಮಲೀಲಾ ತನ್ನದೊಂದನ್ನು ಮಾತ್ರ ಹೊಂದಿಸಿಕೊಳ್ಳಲಿಲ್ಲ. ಅದರ ಬಗ್ಗೆ ಬೀದಿಯವರಿಗೆ ಇದ್ದಷ್ಟು ಚಿಂತೆ ಅವಳಿಗಿರಲಿಲ್ಲ. ಏಕಾಂತಯ್ಯನವರು ಹುಡುಗರಾಗಿದ್ದಾಗ ಕಬ್ಬಿನ ಗಾಣಕ್ಕೆ ಬಲಗೈ ಸಿಕ್ಕಿ ಉಂಗುರದ ಬೆರಳು ಹೋಗಿತ್ತು. ಹಾಗಾಗಿ ಎಲ್ಲರ ಹಣೆಯ ಮೇಲೆ ಮೂರು ಗೆರೆ ವಿಭೂತಿಯಾದರೆ ಅವರ ಹಣೆಯ ಮೇಲೆ ಎರಡೇ. ಗಿರಾಕಿಗಳು ರೇಗಿಸಿದರೆ, "ಉಳಿದಿದ್ದು ಶಿವನೇ ಎಳ್ಕೋತಾನೆ ಬುಡ್ರಿ" ಎಂದು ನಕ್ಕುಬಿಡುತ್ತಿದ್ದರು.

ಪ್ರೇಮಲೀಲಾಳ ಕಂಪ್ಯೂಟರಿನೊಳಗೆ ಒಂದು ಜೀವವಿತ್ತು ಎಂದರೆ ತಪ್ಪಾಗಲಾರದು. ಸಂಗೀತದ ಪ್ರಭುಸ್ವಾಮಿ ಮೇಷ್ಟ್ರು, ಕಣ್ಣು ಪೂರ್ತಿ ಹೋದ ಮೇಲೆ, ತಾವು ಬದುಕಿನುದ್ದಕ್ಕೂ ಕಟ್ಟಿದ ಹಾಡುಗಳನ್ನು ಅವಳ ಬಳಿ ಹೇಳಿ ಬರೆಸತೊಡಗಿದ್ದರು. ಅವರ ಹಾಡು ಯಾವತ್ತೂ ಕಾಗದ ಕಂಡದ್ದಲ್ಲ, ಬಾಯಲ್ಲೇ ಇದ್ದದ್ದು. ಮಧ್ಯಾಹ್ನ ಕೆಸರೆಯಿಂದ ಆಟೋದಲ್ಲಿ ಬಂದು, ಸ್ಟೂಲಿನ ಮೇಲೆ ಕೂತು, ಮೇಜಿನ ಅಂಚಿಗೆ ಬೆರಳಿನಿಂದ ತಾಳ ತಟ್ಟುತ್ತ ಹೇಳುವರು. ಇವಳು ನೇರವಾಗಿ ಟೈಪು ಮಾಡುವಳು. ಒಂದೊಂದು ಹಾಡು ಮುಗಿದಾಗಲೂ ಮುಖ ಇತ್ತ ತಿರುಗಿಸಿ, "ಹಾಕ್ಕೊಂಡ್ರಾ ತಾಯಿ?" ಎನ್ನುವರು. "ಹಾಕ್ಕೊಂಡೆ ಮೇಷ್ಟ್ರೇ" ಎಂದ ಮೇಲೆಯೇ ಅವರ ಬೆರಳು ಸುಮ್ಮನಾಗುತ್ತಿತ್ತು.

ಪ್ರಿಂಟ್ ತೆಗೆಯೋಣ ಎಂದರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ. ತಿದ್ದುವುದೆಲ್ಲ ಮುಗಿಯಲಿ, ಒಟ್ಟಿಗೆ ತೆಗೆಯೋಣ ಎನ್ನುವರು. ಅವಳು ಫ್ಲಾಪಿಗಳಿಗೆ ಹಾಕಿಟ್ಟಿದ್ದಳು. ಆ ವರ್ಷದ ಮಳೆಗಾಲದಲ್ಲಿ ಅವಕ್ಕೆ ಬೂಷ್ಟು ಹಿಡಿದು, ಒಂದನ್ನೂ ಕಂಪ್ಯೂಟರ್ ಓದದಾಯಿತು. ಶ್ರಾವಣದಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಮಾತು ನಿಂತೇಹೋಯಿತು. ನೋಡಲು ಹೋದ ಪ್ರೇಮಲೀಲಾ ಆ ಸೊಟ್ಟಗಾದ ಬಾಯನ್ನು ಕಂಡು, ಸೊಸೆ ಅಂಬುಜಾ ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಬಂದವಳು ಮತ್ತೆ ಅತ್ತ ತಲೆ ಹಾಕಲಿಲ್ಲ. ಹೋಗಲು ಹೆದರಿಕೆ. ಆ ಫೈಲು ತೆರೆಯಲೂ ಹೆದರಿಕೆ. ತೆರೆದರೆ ಮೇಷ್ಟ್ರ ದನಿ ಕೇಳಿದಂತಾಗುತ್ತಿತ್ತು. ಹೀಗಾಗಿ ಅಷ್ಟೂ ಹಾಡುಗಳು ಆ ಒಂದು ಡಿಸ್ಕಿನಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಗೋಕುಲಂನ ಯೋಗಶಾಲೆಯೊಂದರಿಂದ ಪುಸ್ತಕದ ಕೆಲಸ ಬಂತು. ಅದಕ್ಕೆ ಹೊಸ ವಿಂಡೋಸ್ ಬೇಕು. ಅವಳ ಕನ್ನಡದ ತಂತ್ರಾಂಶವೋ ಹಳೆಯದರಲ್ಲಿ ಬಿಟ್ಟರೆ ಬೇರೆಲ್ಲೂ ಉಸಿರಾಡದು. ರಿಪೇರಿಯ ಮಹೇಶ್ ಒಂದು ದಾರಿ ಹೇಳಿದ.

"ಇನ್ನೊಂದು ಡಿಸ್ಕ್ ಹಾಕ್ಬುಡೋಣ ಮೇಡಂ. ಹಳೇದು ಹಳೇದರಲ್ಲೇ ಇರಲಿ, ಹೊಸದು ಹೊಸದರಲ್ಲಿ. ಆನ್ ಮಾಡೋವಾಗ ಯಾವ್ದು ಬೇಕೋ ಅದನ್ನ ಆರಿಸ್ಕೊಳ್ಳಿ."

ಒಂದೇ ಮನೆಯಲ್ಲಿ ಎರಡು ಒಲೆ, ಜಗಳವಿಲ್ಲ. ಆದರೆ "ನಾನೇ ಹಾಕ್ಕೊಡ್ತೀನಿ, ಫಾರ್ಮ್ಯಾಟ್ ಹೊಡೆದು..." ಎಂದು ಅವನು ಬಾಯಿ ತೆರೆದದ್ದೇ ಅವಳ ಎದೆ ಧಸಕ್ಕೆಂದಿತು. ಅವನ ಕೈಯ ಚಪಲ ಅವಳಿಗೆ ಗೊತ್ತಿತ್ತು. "ನೀವು ಡಿಸ್ಕ್ ಕೂರಿಸಿ ಹೋಗಿ ಸಾಕು, ಮಿಕ್ಕಿದ್ದು ನಾನು ಮಾಡ್ಕೋತೀನಿ" ಎಂದಳು.

ಆಯುಧಪೂಜೆಯ ಹಿಂದಿನ ದಿನ ಬಂದು ಮಹೇಶ್ ಕೂರಿಸಿದ. ಅವನು ತಂದದ್ದು ಯಾರೋ ಬಳಸಿ ಕೊಟ್ಟ ಡಿಸ್ಕು. ಅದೇ ಕಂಪನಿ, ಅದೇ ಅಳತೆ; ಅವಳಿ ಮಕ್ಕಳ ಹಾಗೆ ಮೇಲೊಂದು ಕೆಳಗೊಂದು.

"ಹಳೇದರ ಕೇಬಲ್ ಕಿತ್ತಿಟ್ಬುಡಿ. ಆಗ ಅದು ಇದೆ ಅಂತಾನೇ ವಿಂಡೋಸ್ ಸಿಡಿಗೆ ಗೊತ್ತಾಗಲ್ಲ. ಈ ಡಿಸ್ಕಲ್ಲಿ ಯಾರದ್ದೋ ಹಳೇ ಕಸ ಇರುತ್ತೆ, ತೋರಿಸಿದ್ದನ್ನೆಲ್ಲ ಅಳಿಸಿ ಮುಂದಕ್ಕೋಗಿ" ಎಂದು ಹೇಳಿ ಹಬ್ಬಕ್ಕೆ ಊರಿಗೆ ಹೊರಟುಹೋದ.

ಪ್ರೇಮಲೀಲಾ ಅವನೆದುರಿಗೇ ತಂದೆಯ ಅಂಗಡಿಯಿಂದ ವಿಭೂತಿ ಗಟ್ಟಿ ತಂದು, ನೀರಿನಲ್ಲಿ ನೆನೆಸಿ, ಹಳೆಯ ಡಿಸ್ಕಿನ ಮೇಲೆ ಮೂರು ಬೆರಳಿನಿಂದ ಮೂರು ಗೆರೆ ಎಳೆದಿದ್ದಳು. ಗುರುತಿಗೆ ಗುರುತೂ ಆಯಿತು, ಕಾವಲಿಗೆ ಕಾವಲೂ ಆಯಿತು. ಮೇಲಿನದೋ ಕೆಳಗಿನದೋ ಎಂದು ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗಲಿಲ್ಲ. ವಿಭೂತಿ ಇದೆಯಲ್ಲ!

ಪೂಜೆಯ ದಿನ ಯಂತ್ರ ಮುಟ್ಟುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಮಿಂದು, ಕೈಮುಗಿದು, ಕೆಲಸಕ್ಕೆ ಕೂತಳು. ಶಾಕ್ ಹೊಡೆದೀತೆಂದು ಮೇನ್ ಸ್ವಿಚ್ಚನ್ನೇ ಆರಿಸಿದ್ದಳು. ಮೇಜಿನಡಿಯ ಕತ್ತಲಲ್ಲಿ, ಮುಚ್ಚಳ ತೆಗೆದೇ ಇಟ್ಟಿದ್ದ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಬೆಳ್ಳಗೆ ವಿಭೂತಿ ಕಂಡಿತು. ಅದರ ಕೇಬಲ್ ಕಿತ್ತಳು. ಸ್ವಿಚ್ ಹಾಕಿ ಸಿಡಿ ತೂರಿಸಿದಳು. ಪರದೆ ನೀಲಿಯಾಯಿತು. ಡಿಸ್ಕಿನಲ್ಲಿ ಏನೋ ಇದೆ, ಅಳಿಸಲೇ ಎಂದಿತು. ಯಾರದ್ದೋ ಕಸ ಎಂದು ಮನಸ್ಸಿಗೆ ಹೇಳಿಕೊಂಡು ಅಳಿಸಿದಳು. ಫಾರ್ಮ್ಯಾಟ್ ಮಾಡಲೇ ಎಂದಿತು. ಜನ್ಮದಲ್ಲಿ ಮೊದಲ ಸಲ ಆ ಮಾತಿಗೆ ಹೂಂ ಎಂದಳು. ಹಳದಿ ಪಟ್ಟಿಯೊಂದು ನಿಧಾನಕ್ಕೆ ಬೆಳೆಯತೊಡಗಿತು.

ಗುಡಿಗೆ ಹೋಗಿದ್ದ ಏಕಾಂತಯ್ಯನವರು ಬನ್ನಿ ಸೊಪ್ಪು ಹಿಡಿದು ಒಳಗೆ ಬಂದರು. ಮಗಳ ಕೈಗೆ ಎರಡೆಲೆ ಇಟ್ಟು, ಬಗ್ಗಿ ಪೆಟ್ಟಿಗೆಯೊಳಗೆ ನೋಡಿದರು.

"ಮೊನ್ನೆ ನೀನು ಒಂದಕ್ಕಿಟ್ಟು ಒಂದನ್ನ ಮರ್ತಿದ್ದೆ ಕಣಮ್ಮ. ಹಬ್ಬದ ದಿನ ಒಂದು ಬೋಳು ಹಣೇಲಿದ್ರೆ ಚೆನ್ನಾಗಿರುತ್ತಾ? ನೆನ್ನೆ ನೀನು ಅಡುಗೆಮನೇಲಿದ್ದಾಗ ಎರಡಕ್ಕೂ ಇಟ್ಬುಟ್ಟೆ."

ಪ್ರೇಮಲೀಲಾಳ ಕೈಯಿಂದ ಬನ್ನಿ ಎಲೆ ಬಿತ್ತು. ಮೊದಲು ಅವಳಿಗೆ ಆ ಮಾತು ಅರ್ಥವೇ ಆಗಲಿಲ್ಲ. ಆದಾಗ ತಿರುಗಿ ಪರದೆ ನೋಡಿದಳು. ಹಳದಿ ಪಟ್ಟಿ ಕಾಲು ಭಾಗ ದಾಟಿತ್ತು. ಹಾರಿ ಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತೆಸೆದಳು. ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಬೀದಿಯಲ್ಲಿ ಜಂಬೂ ಸವಾರಿಗೆ ಜಾಗ ಹಿಡಿಯಲು ಹೊರಟವರ ಗದ್ದಲ ಮಾತ್ರ ಕೇಳುತ್ತಿತ್ತು.

"ಏನಾಯ್ತಮ್ಮ?"

"ಮೇಷ್ಟ್ರ ಹಾಡೆಲ್ಲ ಹೋಯ್ತು ಅಪ್ಪಾಜಿ." ದನಿ ಅವಳದಾಗಿರಲಿಲ್ಲ. "ಯಾವ್ದು ಅಳಿಸಿದ್ನೋ ಗೊತ್ತಿಲ್ಲ."

ಕಿತ್ತಿಟ್ಟ ಡಿಸ್ಕಿಗೆ ಕೇಬಲ್ ಸಿಕ್ಕಿಸಿ ಆನ್ ಮಾಡಿದರೆ ಗೊತ್ತಾಗಿಬಿಡುತ್ತಿತ್ತು. ಆದರೆ ಗೊತ್ತಾಗುವುದೇ ಅವಳಿಗೆ ಬೇಡವಾಗಿತ್ತು. ಗೊತ್ತಾಗುವ ತನಕ ಹಾಡುಗಳು ಇವೆ, ಅಷ್ಟು ಹೊತ್ತಾದರೂ ಇರಲಿ. ನೆಲದ ಮೇಲೆ ಕುಕ್ಕರಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಅಂಬುಜಾಗೆ ಏನೆಂದು ಹೇಳುವುದು? ಕಣ್ಣಿಲ್ಲದ, ಮಾತಿಲ್ಲದ ಮನುಷ್ಯನಿಗೆ ಏನೆಂದು ಹೇಳುವುದು? ಏಕಾಂತಯ್ಯನವರ ಮುಖ ಬಿಳಿಚಿಕೊಂಡಿತು. ಅವರು ತಮ್ಮ ಬಲಗೈಯನ್ನು ಪಂಚೆಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು, ಅದರಲ್ಲಿನ್ನೂ ವಿಭೂತಿ ಅಂಟಿದೆ ಎನ್ನುವ ಹಾಗೆ.

ಆ ಕೈಯನ್ನು ನೋಡುತ್ತ ಕೂತಿದ್ದವಳು ತಟ್ಟನೆ ಎದ್ದಳು.

"ಬ್ಯಾಟರಿ ಎಲ್ಲಿ ಅಪ್ಪಾಜಿ? ಬ್ಯಾಟರಿ ಕೊಡಿ!"

ಟಾರ್ಚಿನ ಬೆಳಕನ್ನು ಪೆಟ್ಟಿಗೆಯೊಳಗೆ ಬಿಟ್ಟು, ಉಸಿರು ಬಿಗಿಹಿಡಿದು, ಕೇಬಲ್ ಕೀಳದೆ ಬಿಟ್ಟಿದ್ದ, ಈಗಷ್ಟೇ ಅಳಿಸಿದ ಡಿಸ್ಕನ್ನು ಮೊದಲು ನೋಡಿದಳು. ಒಂದು ಗೆರೆ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಬರೀ ತಗಡು. ನಂಬಿಕೆಯಾಗದೆ ಬೆರಳಿನಿಂದ ಸವರಿದಳು. ಎರಡೇ. ಬರೀ ಅಪ್ಪನ ಕೈ. ಇನ್ನೊಂದನ್ನು ನೋಡಿದಳು: ಅಪ್ಪನ ಗೆರೆಗಳ ಕೆಳಗೆ ಅವಳು ಎಳೆದ ಮೂರನೆಯದು ಹಾಗೇ ಇತ್ತು.

ಅಳಿಸಿದ್ದು ಯಾರದ್ದೋ ಕಸವನ್ನೇ. ಕೈಗೆ ಮೊದಲು ಸಿಕ್ಕಿದ್ದು ಹಳೆಯದಾಗಿತ್ತು, ಅಷ್ಟೆ. ಅವಳ ಜಾಣತನವೇನೂ ಅದರಲ್ಲಿರಲಿಲ್ಲ. ತಂದೆಯ ಬೆರಳಿಲ್ಲದ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತಳು.

ಹಳೆಯ ಡಿಸ್ಕನ್ನು ಸಿಕ್ಕಿಸಿ ಆನ್ ಮಾಡಿದಾಗ ಮೇಷ್ಟ್ರ ಫೈಲು ತೆರೆಯಿತು. ಹೊಸ ವಿಂಡೋಸೂ ಬೇಡ, ಗೋಕುಲಂ ಕೆಲಸವೂ ಬೇಡ ಎಂದು ಮೊದಲು ಪ್ರಿಂಟ್ ಕೊಟ್ಟಳು. ಪ್ರಿಂಟರ್ ಒಂದೊಂದೇ ಹಾಳೆ ಹೊರಗೆ ಹಾಕುವಾಗ ಎಲ್ಲಿ ಕರೆಂಟು ಹೋಗುತ್ತದೋ ಎಂದು ಕೊನೆಯ ಹಾಳೆಯ ತನಕ ನಿಂತೇ ಇದ್ದಳು. ಕಟ್ಟನ್ನು ಎದೆಗವಚಿಕೊಂಡು, ಸವಾರಿಯ ಜನಜಂಗುಳಿಯಲ್ಲಿ ನುಗ್ಗಿ, ಸುತ್ತುಬಳಸಿ ಕೆಸರೆ ಸೇರಿದಳು.

ಮೇಷ್ಟ್ರು ಮರದ ಮಂಚದ ಮೇಲೆ ಗೋಡೆಗೊರಗಿದ್ದರು. ಬಾಯಿ ಹಾಗೇ ಸೊಟ್ಟಗಿತ್ತು. ಈ ಸಲ ಪ್ರೇಮಲೀಲಾ ಎದ್ದು ಹೋಗಲಿಲ್ಲ. "ನಾನು ಮೇಷ್ಟ್ರೇ, ಡಿ.ಟಿ.ಪಿ. ಪ್ರೇಮಾ" ಎಂದು ಪಕ್ಕದಲ್ಲಿ ಕೂತು, ಮೇಲಿನ ಹಾಳೆ ತೆಗೆದು ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಅವರ ಎಡಗೈ ಬೆರಳು ಮಂಚದ ಅಂಚನ್ನು ತಟ್ಟಿತು. ಮತ್ತೆ ತಟ್ಟಿತು. ತಾಳ ಸರಿಯಾಗಿಯೇ ಇತ್ತು. ಅಂಬುಜಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಂದೊಂದು ಹಾಡು ಮುಗಿದಾಗಲೂ ಬೆರಳು ನಿಲ್ಲುತ್ತಿತ್ತು, ಪ್ರೇಮಲೀಲಾ "ಹಾಕ್ಕೊಂಡಿದೀನಿ ಮೇಷ್ಟ್ರೇ" ಎಂದು ಹಾಳೆ ಮಗುಚುತ್ತಿದ್ದಳು. ಓದುತ್ತ ಓದುತ್ತ ಹೆದರಿಕೆ ಇಳಿಯಿತು.

ಕೊನೆಯ ಹಾಡು, ಲಕ್ವ ಹೊಡೆಯುವ ಸ್ವಲ್ಪ ಮೊದಲಷ್ಟೇ ಮೇಷ್ಟ್ರು ಹೇಳಿದ್ದು. ಅದನ್ನೂ ಓದಿ ಮುಗಿಸಿದಳು.

ಬೆರಳು ನಿಲ್ಲಲಿಲ್ಲ.

ಅವಳು ಹಾಳೆಯನ್ನು ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ. ಮೇಷ್ಟ್ರು ತಾಳ ತಟ್ಟುತ್ತಲೇ ಇದ್ದರು. ಸೊಟ್ಟ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಇನ್ನೂ ಒಂದು ಚರಣವಿತ್ತು. ಅವಳು ಮುಗಿಯಿತೆಂದುಕೊಂಡಿದ್ದ ಹಾಡಿಗೆ ಪೂರ್ತಿ ಇನ್ನೊಂದು ಚರಣವಿತ್ತು, ಅದು ಯಾವ ಡಿಸ್ಕಿನಲ್ಲೂ ಇರಲಿಲ್ಲ. ಕಿವಿಯನ್ನು ಅವರ ಬಾಯಿಯ ಹತ್ತಿರ ತಂದಳು. ಬರೀ ಉಸಿರು ಬಂತು. ಬೆಳಿಗ್ಗೆ ಕಿತ್ತೆಸೆಯಲು ಒಂದು ಪ್ಲಗ್ಗಾದರೂ ಇತ್ತು, ಈ ಸಲ ಅದೂ ಇರಲಿಲ್ಲ.

ಚರಣ ಮುಗಿಯಿತು. ಮುಕ್ತಾಯದ ಪೆಟ್ಟನ್ನು ತಟ್ಟಿ, ಬೆರಳನ್ನು ಎತ್ತಿಯೇ ಹಿಡಿದು, ಮೇಷ್ಟ್ರು ಮುಖವನ್ನು ಅವಳತ್ತ ತಿರುಗಿಸಿ ಕಾದರು.

"ಹಾಕ್ಕೊಂಡೆ ಮೇಷ್ಟ್ರೇ" ಎಂದಳು ಪ್ರೇಮಲೀಲಾ.

ಬೆರಳು ಕೆಳಗಿಳಿಯಿತು.